ಮೌನವನ್ನು ಗೌರವಿಸಿದ್ದಕ್ಕೆ ಬಂದ ನೋಟಿಸ್

ಶಿಕ್ಷಕರ ತರಬೇತಿ ವಿಭಾಗದ ನಿರ್ದೇಶಕರೇ,

‘ಮಾನ್ಯರೇ’ ಎಂದೇ ಶುರು ಮಾಡಬೇಕು ಅನ್ನುವುದು ನನಗೆ ಗೊತ್ತಿದೆ. ವರ್ಷಗಟ್ಟಲೆ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸಿದವಳು ನಾನು. ಆದರೆ ಈ ಸಲ ಆ ಪದ ಪೆನ್ನಿನ ತುದಿಗೆ ಬರಲೊಲ್ಲದು. ನೇರವಾಗಿ ವಿಷಯಕ್ಕೇ ಬರುತ್ತೇನೆ. ನಮ್ಮ ಶಾಲೆಯ ಎರಡನೇ ತರಗತಿಯ ಟೀಚರ್‌ಗೆ ನಿಮ್ಮ ಕಚೇರಿಯಿಂದ ನೋಟಿಸ್ ಬಂದಿದೆ. ‘ಸೂಕ್ತ ತರಬೇತಿ ಪಡೆದಿದ್ದಾಗ್ಯೂ ವಿದ್ಯಾರ್ಥಿನಿಯೊಬ್ಬಳ ಶ್ರವಣದೋಷವನ್ನು ಗುರುತಿಸದೆ ಕರ್ತವ್ಯಲೋಪ ಎಸಗಿರುತ್ತೀರಿ, ನಿಮ್ಮನ್ನು ಸೇವೆಯಿಂದ ಏಕೆ ತೆಗೆದುಹಾಕಬಾರದು’ ಎಂದು ಕೇಳಿದ್ದೀರಿ. ಸೋಮವಾರ ವಿಚಾರಣೆ. ಈ ‘ಆಗ್ಯೂ’ ಎಂಬ ಪದದ ಬಗ್ಗೆಯೇ ನನ್ನ ತಕರಾರು. ಅವಳು ನಿಮ್ಮ ತರಬೇತಿಯನ್ನು ಒಂದೇ ಒಂದು ದಿನ ಮರೆತಿದ್ದರೂ ಸಾಕಿತ್ತು, ಆ ಹುಡುಗಿಗೆ ಇವತ್ತು ಎರಡೂ ಕಿವಿ ಕೇಳುತ್ತಿದ್ದವು.

ಇದು ಬಹಿರಂಗ ಪತ್ರ, ಹಾಗಾಗಿ ಇದನ್ನು ಓದುವ ಉಳಿದವರಿಗಾಗಿ ಸ್ವಲ್ಪ ಹಿನ್ನೆಲೆ. ನಮ್ಮದು ಇಂಗ್ಲಿಷಿನಲ್ಲಿ ಪಾಠ ನಡೆಯುವ ಶಾಲೆ. ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಇಂಗ್ಲಿಷಿನ ಗಾಳಿಯೂ ಇಲ್ಲ. ಅಪ್ಪ ಕಟ್ಟಡದ ಕೆಲಸ, ಅಮ್ಮ ಹೋಟೆಲಿನ ಕೋಣೆ ಗುಡಿಸುವ ಕೆಲಸ, ಇಲ್ಲವೇ ಚಾದರ ಒಗೆಯುವ ಕೆಲಸ. ಎಲ್ಲಿಂದಲೋ ಬಂದವರು, ಬೇರೆ ಬೇರೆ ಭಾಷೆ ಆಡುವವರು. ಆ ಮಕ್ಕಳು ಒಂದು ಬೆಳಿಗ್ಗೆ ಅಮ್ಮನ ಕೈ ಬಿಟ್ಟು ನಮ್ಮ ತರಗತಿಯೊಳಗೆ ಬರುತ್ತಾರೆ, ನಾವು ಆಡುವ ಒಂದು ಮಾತೂ ಅವರಿಗೆ ತಿಳಿಯುವುದಿಲ್ಲ. ಇಂಥ ಮಕ್ಕಳಿಗೆ ಕಲಿಸುವುದು ಬೇರೆಯದೇ ವಿದ್ಯೆ. ಅದನ್ನು ನಮಗೆ ಹೇಳಿಕೊಡುವ ಹೊಣೆ ತಮ್ಮ ವಿಭಾಗದ್ದು. ತಾವು ಹೇಳಿಕೊಟ್ಟಿರಿ ಕೂಡ. ಅದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಶಾಲೆ ಶುರುವಾಗುವ ಮುಂಚೆ ನಮ್ಮನ್ನೆಲ್ಲ ಒಂದು ಸಭಾಂಗಣಕ್ಕೆ ಕರೆಸಿದಿರಿ. ಕಿಟಕಿಯೇ ಇಲ್ಲದ ಕೋಣೆ, ಮೈ ನಡುಗುವಷ್ಟು ಏಸಿ, ಎದುರಿಗೆ ದೊಡ್ಡ ಪರದೆ. ನಮಗೆ ಪಾಠ ಹೇಳಲು ಬಂದವರು ಕೊರಳಿಗೆ ಮೈಕು ಸಿಕ್ಕಿಸಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇದ್ದರು. ಎಂದಾದರೂ ಮಕ್ಕಳಿಗೆ ಪಾಠ ಮಾಡಿದ್ದೀರಾ ಅಂತ ಚಹಾ ಹೊತ್ತಿನಲ್ಲಿ ಕೇಳಿದೆ. ‘ನಾನು ತರಬೇತುದಾರರಿಗೆ ತರಬೇತಿ ಕೊಡೋನು ಮೇಡಂ’ ಅಂದರು. ಅಷ್ಟು ಎತ್ತರದಲ್ಲಿ ಇರುವವರನ್ನು ಇನ್ನೇನು ಕೇಳುವುದು!

ಅವರು ಹೇಳಿದ್ದರ ಸಾರ ಇದು: ಹೊಸ ಭಾಷೆಯ ನಡುವೆ ಬಂದು ಬಿದ್ದ ಮಗು ಮೊದಲು ಬಾಯಿ ಬಿಡುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಇದಕ್ಕೆ ಮೌನದ ಅವಧಿ ಎಂದು ಹೆಸರು. ಆಗ ಮಗುವನ್ನು ಮಾತಾಡು ಮಾತಾಡು ಎಂದು ಪೀಡಿಸಬಾರದು. ಸುಳ್ಳಲ್ಲ, ನಿರ್ದೇಶಕರೇ. ಆರು ತಿಂಗಳು ತುಟಿ ಬಿಚ್ಚದೆ ಕೂತಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಪಕ್ಕದವನ ಮೇಲೆ ಇಂಗ್ಲಿಷಿನಲ್ಲೇ ಚಾಡಿ ಹೇಳಿದ ಮಕ್ಕಳನ್ನು ನಾನೇ ಕಂಡಿದ್ದೇನೆ. ಈ ತಿಳಿವಳಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಎತ್ತಿಕೊಂಡು ನೀವು ಮಾಡಿದ ಬಿಲ್ಲೆಯ ಮೇಲೆ ಸಿಟ್ಟು.

ಹಸಿರು ಬಿಲ್ಲೆ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಟ್ಟಲೆ ತಂದು ಹಂಚಿದಿರಿ. ಹೊಸದಾಗಿ ಬಂದ ಮಗುವಿನ ಅಂಗಿಗೆ ಅದನ್ನು ಚುಚ್ಚಬೇಕು. ಬಿಲ್ಲೆ ಹಾಕಿದ ಮಗುವನ್ನು ಹೆಸರು ಹಿಡಿದು ಕರೆದು ಪ್ರಶ್ನೆ ಕೇಳಬಾರದು, ಉತ್ತರಕ್ಕೆ ಕಾಯಬಾರದು, ಯಾವ ಪರೀಕ್ಷೆಗೂ ಕೂರಿಸಬಾರದು. ಮಗು ತಾನಾಗಿ ಇಂಗ್ಲಿಷಿನಲ್ಲಿ ಮಾತಾಡಿದ ದಿನ ಬಿಲ್ಲೆ ತೆಗೆಯಬೇಕು, ಅಲ್ಲಿಯವರೆಗೆ ಅಂಗಿಯ ಮೇಲೇ ಇರಬೇಕು. ಜೊತೆಗೆ ಗೋಡೆಗೆ ಅಂಟಿಸಲು ಒಂದು ಪೋಸ್ಟರ್: ‘ಮೌನವನ್ನು ಗೌರವಿಸಿ.’ ಅಂಟಿಸಿದ್ದಕ್ಕೆ ಸಾಕ್ಷಿಯಾಗಿ ಫೋಟೋ ಕಳಿಸಬೇಕು. ಕಳಿಸದವರಿಗೆ ಜ್ಞಾಪನಾಪತ್ರ. ಮಗುವಿನ ಮಾತು ಬೇಕಿರಲಿಲ್ಲ, ಗೋಡೆಯ ಫೋಟೋ ಮಾತ್ರ ತಪ್ಪುವಂತಿರಲಿಲ್ಲ.

ಆ ಸಭಾಂಗಣದಲ್ಲಿ ಒಬ್ಬಳು ಮಾತ್ರ ಕೈ ಎತ್ತಿದಳು. ನೀವು ನೋಟಿಸ್ ಕಳಿಸಿರುವುದು ಅವಳಿಗೇ. ಶಾಲೆಯಲ್ಲಿ ಎಲ್ಲರಿಗಿಂತ ಕಿರಿಯಳು, ಅದಕ್ಕೇ ನಾವು ಅವಳನ್ನು ಚಿಕ್ಕ ಟೀಚರ್ ಅನ್ನುತ್ತೇವೆ. ಎದ್ದು ನಿಂತು, ‘ಸರ್, ಮಗು ಸುಮ್ಮನಿರೋದಕ್ಕೆ ಭಾಷೆ ಬಿಟ್ಟು ಬೇರೆ ಕಾರಣ ಇದ್ರೆ ಹೇಗೆ ಗೊತ್ತಾಗುತ್ತೆ? ಎಷ್ಟು ದಿನ ಕಾದು ನೋಡ್ಬೇಕು?’ ಅಂತ ಕೇಳಿದಳು. ‘ಪ್ರಶ್ನೆಗಳೆಲ್ಲ ಕೊನೆಗೆ’ ಅಂದರು. ಕೊನೆಗೆ ಬಂದಿದ್ದು ಒಂದು ಪರೀಕ್ಷೆ, ಆಮೇಲೆ ಪ್ರಮಾಣಪತ್ರ, ಆಮೇಲೆ ಗುಂಪು ಫೋಟೋ. ಮುಂದಿನ ತಂಡ ಬಾಗಿಲಲ್ಲಿ ಕಾಯುತ್ತಿದೆ, ಬೇಗ ಬೇಗ ಖಾಲಿ ಮಾಡಿ ಎಂದು ನಮ್ಮನ್ನು ಹೊರಗೆ ಕಳಿಸಿದಿರಿ. ಆ ಪರೀಕ್ಷೆಯಲ್ಲಿ ‘ಮೌನವಾಗಿರುವ ಮಗುವಿಗೆ ಶಿಕ್ಷಕರು ಏನು ಮಾಡಬೇಕು’ ಅಂತ ಒಂದು ಪ್ರಶ್ನೆ ಇತ್ತು. ‘ಕಾಯಬೇಕು’ ಅನ್ನುವುದು ಸರಿಯುತ್ತರ. ಚಿಕ್ಕ ಟೀಚರ್ ಸರಿಯಾಗಿಯೇ ಬರೆದಿದ್ದಳು. ಅವಳ ಆ ಉತ್ತರಪತ್ರಿಕೆಯನ್ನೇ ಅವಳು ತರಬೇತಿ ಪಡೆದದ್ದಕ್ಕೆ ಪುರಾವೆ ಅಂತ ನೋಟಿಸಿಗೆ ಲಗತ್ತಿಸಿದ್ದೀರಿ. ಲಗತ್ತಿಸುವ ಮುಂಚೆ ಯಾರಾದರೂ ಅದನ್ನು ಓದಿದ್ದೀರಾ?

ಇನ್ನು ಆ ಹುಡುಗಿಯ ಮಾತು. ಏಳು ವರ್ಷದವಳು. ಎರಡು ಜಡೆ, ಮುಂದಿನ ಹಲ್ಲು ಬಿದ್ದು ಕಿಂಡಿಯಾದ ನಗು. ಮೊದಲ ದಿನವೇ ಬಿಲ್ಲೆ ಹಾಕಿಸಿಕೊಂಡಳು, ಚೆಂದದ ಆಭರಣ ಕೊಟ್ಟರು ಅನ್ನುವ ಹಾಗೆ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳಂತೆ. ಎಲ್ಲರೂ ಎದ್ದರೆ ಎದ್ದಳು, ಎಲ್ಲರೂ ಪುಸ್ತಕ ತೆಗೆದರೆ ತೆಗೆದಳು. ಟೀಚರ್ ಮಾತಾಡಿದರೆ ಕಣ್ಣು ಮಿಟುಕಿಸದೆ ಬಾಯಿಯನ್ನೇ ನೋಡುತ್ತಿದ್ದಳು. ಎಷ್ಟು ಶ್ರದ್ಧೆಯ ಮಗು ಅಂತ ನಾವೆಲ್ಲ ಮೆಚ್ಚಿಕೊಂಡೆವು. ತಪಾಸಣೆಗೆ ಬಂದ ನಿಮ್ಮ ಅಧಿಕಾರಿಯೂ ಮೆಚ್ಚಿಕೊಂಡು, ಬಿಲ್ಲೆ ಚೆನ್ನಾಗಿ ಕಾಣುವ ಹಾಗೆ ಅವಳನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಈಗ ಹೊಸದಾಗಿ ಅಚ್ಚಾಗಿರುವ ನಿಮ್ಮ ತರಬೇತಿ ಕೈಪಿಡಿಯ ಮುಖಪುಟದಲ್ಲಿ ನಗುತ್ತಾ ನಿಂತಿರುವವಳು ಅವಳೇ. ನಿಮಗಿದು ಗೊತ್ತಿರಲಿಲ್ಲ ಅಂತ ನಂಬುತ್ತೇನೆ. ಗೊತ್ತಿದ್ದೂ ಅಚ್ಚು ಹಾಕಿಸಿದ್ದರೆ ನಿಮ್ಮ ಎದೆಗಾರಿಕೆ ದೊಡ್ಡದು.

ಈಗ ಮನಸ್ಸಿಟ್ಟು ಓದಿ. ಪ್ರತಿ ವರ್ಷ ನಮ್ಮ ಶಾಲೆಗೆ ಆರೋಗ್ಯ ಇಲಾಖೆಯ ನರ್ಸ್ ಬಂದು ಮಕ್ಕಳ ಕಣ್ಣು, ಕಿವಿ ಪರೀಕ್ಷೆ ಮಾಡುತ್ತಾರೆ. ಕಿವಿಗೆ ಒಂದು ಯಂತ್ರ ಹಾಕಿ, ಸದ್ದು ಕೇಳಿದಾಗ ಕೈ ಎತ್ತು ಅನ್ನುತ್ತಾರೆ. ಈ ಸಲವೂ ಶಾಲೆ ಶುರುವಾದ ಹೊಸದರಲ್ಲೇ ಬಂದರು. ಚಿಕ್ಕ ಟೀಚರ್ ತನ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ಈ ಹುಡುಗಿಯ ಸರದಿ ಬಂದಾಗ ನರ್ಸ್ ಅವಳ ಅಂಗಿ ನೋಡಿದರು. ‘ಹಸಿರು ಬಿಲ್ಲೆ ಮಕ್ಕಳನ್ನ ಯಾವ ಪರೀಕ್ಷೆಗೂ ತಗೋಬಾರ್ದು ಅಂತ ಸುತ್ತೋಲೆ ಬಂದಿದೆಯಲ್ಲ? ಇವ್ರಿಗೆ ಕೈ ಎತ್ತು ಅನ್ನೋದೂ ಅರ್ಥ ಆಗಲ್ಲ. ಮುಂದಿನ ಸಲ ಬಂದಾಗ ನೋಡೋಣ ಬಿಡಿ’ ಅಂದರು. ‘ನಾನೇ ಕೈ ಎತ್ತಿ ತೋರಿಸಿಕೊಡ್ತೀನಿ ಸಿಸ್ಟರ್, ಒಂದು ನಿಮಿಷ’ ಅಂದಳಂತೆ ಇವಳು. ‘ನಿಮ್ಮ ಇಲಾಖೆ ರೂಲ್ಸು ಟೀಚರ್, ನನ್ನದಲ್ಲ’ ಅಂತ ಅವರು ಮುಂದಿನ ಮಗುವನ್ನು ಕರೆದರು. ಎಲ್ಲರೂ ರೂಲ್ಸಿನ ಪ್ರಕಾರವೇ ನಡೆದುಕೊಂಡರು. ಯಾರನ್ನು ಬೈಯಲಿ ನಾನು?

ಕೆಲವು ತಿಂಗಳು ಕಳೆದ ಮೇಲೆ ಚಿಕ್ಕ ಟೀಚರ್ ನಮ್ಮ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋದಳು. ಆಗ ನಾನೂ ಅಲ್ಲೇ ಇದ್ದೆ. ‘ಮೇಡಂ, ಬೇರೆ ಮಕ್ಕಳು ಆಟದ ಬಯಲಲ್ಲಾದ್ರೂ ತಮ್ಮ ಭಾಷೇಲಿ ಏನೋ ಒಂದು ಕೂಗ್ತಾರೆ. ಈ ಮಗು ಅದೂ ಇಲ್ಲ. ಒಂದು ಸಲ ಅವಳಮ್ಮನ್ನ ಕರೆಸಿ ಮಾತಾಡೋಣ’ ಅಂದಳು. ‘ಯಾವ ಭಾಷೇಲಿ ಮಾತಾಡ್ತೀಯಮ್ಮ?’ ಅಂದರು ಅವರು. ಆ ಭಾಷೆ ಬಲ್ಲವರು ಶಾಲೆಯಲ್ಲಿ ಒಬ್ಬರೂ ಇಲ್ಲ. ದುಭಾಷಿ ಬೇಕು ಅಂತ ನಿಮಗೆ ಬರೆದ ಅರ್ಜಿಗಳು ಯಾವ ಕಡತದಲ್ಲಿ ನಿದ್ದೆ ಹೊಡೆಯುತ್ತಿವೆಯೋ. ‘ಬಿಲ್ಲೆ ಇರೋ ಮಗುಗೆ ಒತ್ತಡ ಹಾಕಿದ್ರಿ ಅಂತ ನಾಳೆ ನಮ್ಮ ತಲೆಗೇ ಬರುತ್ತೆ, ಸ್ವಲ್ಪ ತಾಳ್ಮೆಯಿಂದಿರು’ ಅಂದು ಮೇಡಂ ಅವಳನ್ನು ಕಳಿಸಿದರು. ಅವರೂ ನಿಮ್ಮ ಪರೀಕ್ಷೆಯಲ್ಲಿ ಪಾಸಾದವರೇ.

ಕೊನೆಗೆ ಗೊತ್ತಾದದ್ದು ಹೇಗೆ ಅಂತ ಹೇಳುತ್ತೇನೆ. ಒಂದು ಮಧ್ಯಾಹ್ನ ಹುಡುಗಿಯ ಅಮ್ಮ ಬೇಗ ಕರೆದುಕೊಂಡು ಹೋಗಲು ಬಂದಳು. ಹುಡುಗಿ ಬಾಗಿಲಿಗೆ ಬೆನ್ನು ಮಾಡಿ ಬಣ್ಣದ ಕಾಗದ ಕತ್ತರಿಸುತ್ತಾ ಕೂತಿದ್ದಳು. ಅಮ್ಮ ಹೊಸಿಲಲ್ಲೇ ನಿಂತು ತಮ್ಮ ಭಾಷೆಯಲ್ಲಿ ಅವಳನ್ನು ಕರೆದಳು. ಹುಡುಗಿ ತಿರುಗಲಿಲ್ಲ. ಇನ್ನೊಂದು ಸಲ ಕರೆದಳು, ಇಲ್ಲ. ಆಗ ಅಮ್ಮ ಬೇಸರವನ್ನೂ ಮಾಡಿಕೊಳ್ಳದೆ, ದಿನಾ ಮಾಡುವ ಕೆಲಸ ಅನ್ನುವ ಹಾಗೆ, ಒಳಗೆ ಬಂದು ಮಗಳ ಭುಜ ಮುಟ್ಟಿದಳು. ಹುಡುಗಿ ತಿರುಗಿ ಅಮ್ಮನನ್ನು ಕಂಡು ನಕ್ಕಳು. ಇಷ್ಟೇ ನಡೆದದ್ದು. ‘ಆಗ ಹೊಳೀತು ಅಕ್ಕ’ ಅಂದಳು ಚಿಕ್ಕ ಟೀಚರ್ ಆಮೇಲೆ ನನಗೆ. ‘ಇಂಗ್ಲಿಷ್ ಬರಲ್ಲ ಅಂತ ನನಗೆ ಉತ್ತರ ಕೊಡಲ್ಲ, ಸರಿ. ಅಮ್ಮನ ಮಾತಿಗೂ ಯಾಕೆ ತಿರುಗಲ್ಲ?’

ಆವತ್ತೇ ಅವಳು ತಾಯಿ ಮಗಳಿಬ್ಬರನ್ನೂ ಕೈ ಸನ್ನೆಯಲ್ಲೇ ಒಪ್ಪಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಜೊತೆಗೆ ನಾನೂ ಹೋದೆ. ಆಸ್ಪತ್ರೆಯಲ್ಲಿ ದುಭಾಷಿ ಇದ್ದರು. ಕಾಯಿಲೆ ಹೇಳಿಕೊಳ್ಳುವುದಕ್ಕೆ ಭಾಷೆ ಬೇಕು ಅನ್ನುವುದು ಆಸ್ಪತ್ರೆಯವರಿಗೆ ಹೊಳೆದಿದೆ, ಭಾಷೆಯನ್ನೇ ಕಲಿಸುವ ನಿಮ್ಮ ವಿಭಾಗಕ್ಕೆ ಹೊಳೆದಿಲ್ಲ. ಹುಡುಗಿಗೆ ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ. ಆಮೇಲೆ ನಿಂತುಹೋಯಿತು, ವಾಸಿಯಾಯಿತು ಅಂದುಕೊಂಡಿದ್ದರು. ಒಳಗೆ ವಾಸಿಯಾಗಿರಲಿಲ್ಲ. ಈ ವರ್ಷವಿಡೀ ಸೋಂಕು ಒಳಗಿನ ಮೂಳೆಯನ್ನು ತಿನ್ನುತ್ತಾ ಹೋಗಿದೆ. ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯನ್ನು ಆಪರೇಷನ್ ಮಾಡಿ ಅಷ್ಟೋ ಇಷ್ಟೋ ಉಳಿಸಿಕೊಳ್ಳಬಹುದು ಅಂದರು ಡಾಕ್ಟರು. ‘ವರ್ಷದ ಮೊದಲಲ್ಲೇ ತಂದಿದ್ರೆ ಎರಡೂ ಉಳೀತಿತ್ತು. ಶಾಲೇಲಿ ಕಿವಿ ಪರೀಕ್ಷೆ ಮಾಡಿಸಲಿಲ್ವಾ?’ ಎಂದು ಕೇಳಿದರು.

ಆ ತಾಯಿ ದುಭಾಷಿಯ ಮೂಲಕ ಹೇಳಿದ ಮಾತನ್ನು ನೀವು ಕೇಳಲೇಬೇಕು. ಅವಳು ಚಾದರ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಅಲ್ಲಿ ಯಂತ್ರಗಳ ಗದ್ದಲಕ್ಕೆ ಕೂಗಿದರೂ ಕೇಳುವುದಿಲ್ಲ, ಅದಕ್ಕೆ ಎಲ್ಲರೂ ಒಬ್ಬರನ್ನೊಬ್ಬರು ಭುಜ ಮುಟ್ಟಿ ಕರೆಯುತ್ತಾರೆ. ಮನೆಗೆ ಬಂದರೂ ಅದೇ ಅಭ್ಯಾಸ. ‘ಮಗಳು ಮನೇಲೂ ಮಾತು ಕಮ್ಮಿ ಮಾಡಿದ್ಲು. ಶಾಲೇಲಿ ದಿನವಿಡೀ ಹೊಸ ಭಾಷೆ, ತಲೆ ತುಂಬಿಹೋಗಿದೆ ಪಾಪ, ಮನೆ ಭಾಷೆಗೆ ಜಾಗ ಇಲ್ಲ ಅಂದ್ಕೊಂಡೆ. ಟೀಚರ್‌ಗೆ ಗೊತ್ತಿರುತ್ತೆ, ಅದಕ್ಕೇ ಬಿಲ್ಲೆ ಹಾಕಿದ್ದಾರೆ ಅಂದ್ಕೊಂಡೆ’ ಅಂದಳು. ನಾವು ಶಾಲೆಯಲ್ಲಿ ಮನೆ ಭಾಷೆಯ ನೆಪ ಹೇಳಿಕೊಂಡು ಕಾದೆವು, ಅವಳು ಮನೆಯಲ್ಲಿ ಶಾಲೆಯ ಭಾಷೆಯ ನೆಪ ಹೇಳಿಕೊಂಡು ಕಾದಳು. ನಡುವೆ ಮಗು ಒಬ್ಬಳೇ ಸಿಕ್ಕಿಬಿದ್ದಳು. ಕೊನೆಗೆ ಆ ತಾಯಿ ಚಿಕ್ಕ ಟೀಚರ್ ಕಡೆ ತಿರುಗಿ, ‘ಇಷ್ಟು ದಿನದಲ್ಲಿ ಅಲ್ಲಿ ಯಾರೂ ನನ್ನ ಮಗಳನ್ನ ಹೆಸರು ಹಿಡಿದು ಕರೀಲೇ ಇಲ್ವಾ?’ ಎಂದು ಕೇಳಿದಳು. ಕರೆಯಬಾರದು ಅಂತ ನಮಗೆ ತರಬೇತಿ ಕೊಟ್ಟಿದ್ದಾರೆ ಎಂದು ದುಭಾಷಿಯ ಬಾಯಲ್ಲಿ ಹೇಳಿಸುವುದಕ್ಕೆ ನಮ್ಮಿಬ್ಬರಿಗೂ ಮುಖವಿರಲಿಲ್ಲ. ಆ ಉತ್ತರ ಕೊಡಬೇಕಾದವರು ನೀವು, ನಿರ್ದೇಶಕರೇ. ವಿಳಾಸ ಬೇಕಿದ್ದರೆ ನಾನೇ ಕಳಿಸುತ್ತೇನೆ.

ಇದಾದ ಮೇಲೆ ನಿಮ್ಮ ಕಚೇರಿ ಏನು ಮಾಡಿತು? ಬಿಲ್ಲೆ ವಾಪಸ್ ತೆಗೆದುಕೊಂಡಿತೇ? ಉಳಿದ ಶಾಲೆಗಳಲ್ಲಿ ಬಿಲ್ಲೆ ಹಾಕಿಕೊಂಡು ಕೂತಿರುವ ಮಕ್ಕಳ ಕಿವಿ ನೋಡಿಸಿತೇ? ಇಲ್ಲ. ಇಡೀ ವರ್ಷದಲ್ಲಿ ಆ ಮಗುವಿನ ಬಗ್ಗೆ ಅನುಮಾನ ಪಟ್ಟ ಒಬ್ಬಳೇ ಒಬ್ಬಳನ್ನು ಹುಡುಕಿ ನೋಟಿಸ್ ಕೊಟ್ಟಿತು. ಸುಮ್ಮನಿದ್ದ ನಮಗೆ ಯಾರಿಗೂ ಏನೂ ಇಲ್ಲ. ಮೇಲಾಗಿ ಕಳೆದ ವಾರ ನಿಮ್ಮಲ್ಲಿಂದ ಒಬ್ಬರು ಬಂದು, ಬಾಗಿಲು ಹಾಕಿಕೊಂಡು ಅವಳಿಗೆ ಸಮಾಧಾನ ಹೇಳಿದರು. ‘ನನ್ನ ಗಮನಕ್ಕೆ ಬರಲಿಲ್ಲ, ತಪ್ಪಾಯಿತು ಅಂತ ಒಂದು ಹೇಳಿಕೆಗೆ ಸಹಿ ಹಾಕಮ್ಮ. ಕೆಲಸ ಉಳಿಯುತ್ತೆ. ಶಿಕ್ಷೆ ಅಂತ ಏನಿಲ್ಲ, ಅದೇ ತರಬೇತಿಗೆ ಇನ್ನೊಂದು ಸಲ ಬಂದು ಕೂತ್ಕೊಂಡ್ರೆ ಆಯ್ತು’ ಅಂದರಂತೆ. ಅದೇ ತರಬೇತಿ! ಇದನ್ನು ಕೇಳಿ ನನಗೆ ನಗು ಬಂತು.

ಅವಳು ಸಹಿ ಹಾಕುವುದಕ್ಕೆ ಸಿದ್ಧಳಿದ್ದಳು, ಸುಳ್ಳು ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ತಿದ್ದಬೇಕಾದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಪೆನ್ನು ಮುಟ್ಟದೆ ಕೂತಿದ್ದಳು. ‘ಹಾಕಿಬಿಡ್ತೀನಿ ಅಕ್ಕ. ಮನೇಲಿ ಅಪ್ಪ ಎದ್ದು ಓಡಾಡೋ ಹಾಗಿಲ್ಲ, ಕೆಲಸ ಹೋದ್ರೆ ನಾನೇನು ಮಾಡಲಿ? ಮತ್ತೆ ನಿಜವಾಗ್ಲೂ ನನ್ನದೂ ತಪ್ಪಿದೆ ಅನ್ಸುತ್ತೆ. ನನ್ನ ಕಣ್ಣೆದುರೇ ಅಲ್ವಾ ಕೂತಿದ್ದಿದ್ದು ಆ ಮಗು’ ಅಂದಳು. ನಾನು ಬಾಯಿಗೆ ಬಂದಂತೆ ಬೈದೆ, ಅವಳನ್ನೋ ನಿಮ್ಮನ್ನೋ ನೆನಪಿಲ್ಲ. ‘ನೀವು ಬೈದ್ರೆ ಅಪ್ಪನ ಔಷಧಿ ಬರುತ್ತಾ ಅಕ್ಕ?’ ಅಂದಳು.

ಆಗ ನಾನು ಒಂದು ಕೆಲಸ ಮಾಡಿದೆ. ನಾನು ನಾಲ್ಕನೇ ತರಗತಿ ಟೀಚರ್. ನನ್ನಲ್ಲೂ ಬಿಲ್ಲೆ ಹಾಕಿದ ಕೆಲವು ಮಕ್ಕಳಿದ್ದಾರೆ. ಅಷ್ಟೂ ಮಕ್ಕಳ ಮನೆಯಿಂದ ಅಮ್ಮನನ್ನೋ ಅಪ್ಪನನ್ನೋ ಅಜ್ಜಿಯನ್ನೋ ಕರೆಸಿದೆ. ಮಕ್ಕಳನ್ನು ಗೋಡೆ ಕಡೆ ಮುಖ ಮಾಡಿ ಚಿತ್ರ ಬರೆಯಲು ಕೂರಿಸಿ, ಹಿರಿಯರನ್ನು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಲ್ಲಿಸಿ, ನಿಮ್ಮ ಮಗುವನ್ನು ನಿಮ್ಮ ಮಾತಿನಲ್ಲೇ ಕರೆಯಿರಿ ಅಂತ ಸನ್ನೆ ಮಾಡಿದೆ. ಇದೇನು ಹುಚ್ಚಾಟ ಅಂತ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲನೆಯ ಮಗು ತಿರುಗಿತು. ಎರಡನೆಯದು ತಿರುಗಿ ನಾಲಗೆ ಚಾಚಿತು. ಹೀಗೇ ಒಂದೊಂದಾಗಿ ತಿರುಗುತ್ತಾ ಹೋದವು, ನನಗೂ ಸ್ವಲ್ಪ ಉಸಿರು ಬಂತು. ಕೊನೆಗೆ ಒಬ್ಬಳು ಉಳಿದಳು. ಅವಳ ಅಜ್ಜಿ ಕರೆದರು. ಮತ್ತೆ ಕರೆದರು. ಆಮೇಲೆ ಅಜ್ಜಿಯ ದನಿ ಏರಿತು, ಆ ದನಿಯಲ್ಲಿ ಹೆದರಿಕೆ ಇತ್ತು. ಅದು ಯಾವ ಭಾಷೆಯೇ ಇರಲಿ, ಹೆದರಿಕೆ ನನಗೆ ಅರ್ಥವಾಯಿತು. ಹುಡುಗಿ ಹಳದಿ ಬಣ್ಣ ತುಂಬುತ್ತಲೇ ಇದ್ದಳು.

ಆ ಮಗುವನ್ನು ಡಾಕ್ಟರಿಗೆ ತೋರಿಸಿದ್ದೇವೆ. ಅವಳದೂ ಕಿವಿಯದೇ ತೊಂದರೆ, ಆದರೆ ಇನ್ನೂ ಕಾಲ ಮಿಂಚಿಲ್ಲವಂತೆ. ಆಸ್ಪತ್ರೆಯಿಂದ ಬಂದು ಚಿಕ್ಕ ಟೀಚರ್‌ಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ನಾನು ಸಹಿ ಹಾಕಿದ್ರೆ ತಪ್ಪು ನನ್ನದು ಅಂತ ಆಗುತ್ತೆ. ಆಗ ಬಿಲ್ಲೆ ಸರಿ ಅಂತ ಆಯ್ತಲ್ಲ ಅಕ್ಕ. ಇಂಥ ಮಕ್ಕಳು ಎಲ್ಲೆಲ್ಲಿ ಎಷ್ಟಿದ್ದಾರೋ’ ಅಂದಳು. ಸೋಮವಾರ ಅವಳು ಸಹಿ ಹಾಕುವುದಿಲ್ಲ. ಕೆಲಸ ಹೋಗುತ್ತದೆ ಅಂತ ಅವಳಿಗೆ ಗೊತ್ತಿದೆ. ಇಂಥವಳನ್ನು ಕಳೆದುಕೊಂಡು, ಪೋಸ್ಟರಿನ ಫೋಟೋ ತಪ್ಪದೆ ಕಳಿಸುವ ನಮ್ಮಂಥವರನ್ನು ಉಳಿಸಿಕೊಳ್ಳುವುದೇ ನಿಮ್ಮ ಶಿಕ್ಷಣ ಸುಧಾರಣೆಯಾದರೆ, ಶುಭವಾಗಲಿ.

ಹಾಗಾಗಬಾರದು ಅಂತಿದ್ದರೆ ಇಷ್ಟು ಮಾಡಿ. ಅವಳ ಮೇಲಿನ ನೋಟಿಸನ್ನು ಸೋಮವಾರದ ಒಳಗೆ ಹಿಂತೆಗೆದುಕೊಳ್ಳಿ, ಅದೂ ಬರವಣಿಗೆಯಲ್ಲಿ. ಎಲ್ಲ ಶಾಲೆಗಳಿಂದ ಬಿಲ್ಲೆ ತೆಗೆಸಿ, ಬಿಲ್ಲೆಯಿಂದಾಗಿ ಪರೀಕ್ಷೆ ತಪ್ಪಿಹೋದ ಪ್ರತಿ ಮಗುವಿನ ಕಿವಿಯನ್ನೂ ಕಣ್ಣನ್ನೂ ಈ ತಿಂಗಳೇ ನೋಡಿಸಿ, ಮನೆಯ ಭಾಷೆ ಬಲ್ಲವರನ್ನು ಜೊತೆಗೆ ಕಳಿಸಿ. ಮಗು ಮನೆಯಲ್ಲಿ ತನ್ನ ಭಾಷೆಯಲ್ಲಿ ಮಾತಾಡುತ್ತದೆಯೇ ಅಂತ ತಂದೆತಾಯಿಯನ್ನು ಮೊದಲ ವಾರವೇ ಕೇಳಿ ಎಂಬ ಒಂದು ಸಾಲನ್ನು ನಿಮ್ಮ ತರಬೇತಿಗೆ ಸೇರಿಸಿ. ತರಬೇತಿ ಬೇಡ ಅನ್ನುತ್ತಿಲ್ಲ ನಾನು. ನಮಗೆ ಅದು ಬೇಕೇ ಬೇಕು, ಆದರೆ ನಮ್ಮ ಮಕ್ಕಳನ್ನು ಕಂಡವರಿಂದ ಬೇಕು, ನಮ್ಮ ಪ್ರಶ್ನೆಗೆ ನಿಂತು ಉತ್ತರ ಹೇಳುವವರಿಂದ ಬೇಕು.

ನನ್ನ ತರಗತಿಯ ಬಿಲ್ಲೆಗಳನ್ನೆಲ್ಲ ನಾನೇ ಬಿಚ್ಚಿ, ಪೋಸ್ಟರನ್ನೂ ಕಿತ್ತು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಇದು ಸುತ್ತೋಲೆಯ ಉಲ್ಲಂಘನೆ ಅಂತ ಗೊತ್ತಿದೆ. ಸೋಮವಾರ ವಿಚಾರಣೆಗೆ ಚಿಕ್ಕ ಟೀಚರ್ ಜೊತೆ ನಾನೂ ಬರುತ್ತೇನೆ. ಒಂದು ಕುರ್ಚಿ ಜಾಸ್ತಿ ಹಾಕಿಸಿ. ಹುಡುಗಿಯ ಅಮ್ಮನೂ ರಜೆ ಹಾಕಿ ಬರುತ್ತಾಳೆ. ಅವಳು ಕೇಳುವುದು ಒಂದೇ ಪ್ರಶ್ನೆ, ಅದನ್ನು ಮೇಲೆ ಬರೆದಿದ್ದೇನೆ, ಉತ್ತರ ಸಿದ್ಧಮಾಡಿಕೊಳ್ಳಲು ನಿಮಗೆ ಸಮಯವಿದೆ. ಅವಳ ಭಾಷೆ ಬಲ್ಲ ದುಭಾಷಿಯನ್ನು ಮಾತ್ರ ನೀವೇ ಗೊತ್ತುಮಾಡಬೇಕು.

ಇಂತಿ,
ಮುಂದಿನ ನೋಟಿಸ್ ತನಗೇ ಬರುತ್ತದೆಂದು ಬಲ್ಲ,
ನಾಲ್ಕನೇ ತರಗತಿಯ ಟೀಚರ್